ಬಾಗಿಲಿನ ಸ್ಪೀಕರ್ ಪಾಡ್, ಬಳ್ಳಾರಿ ಬಿಸಿಲು, ಹಾರ್ಡ್ನರ್ ಲೆಕ್ಕ

ಬಳ್ಳಾರಿ, 18 ಏಪ್ರಿಲ್ 2024, ಗುರುವಾರ

ಇವತ್ತಿನ ಕೆಲಸ ಕಾರಿನ ಮುಂಬಾಗಿಲಿಗೆ ಆರೂವರೆ ಇಂಚಿನ ಸ್ಪೀಕರ್ ಕೂರಿಸುವ ಫೈಬರ್ ಪಾಡ್, ಅಂದರೆ ಗಾಜಿನ ನಾರು ಮತ್ತು ರೆಸಿನ್ (ಗಟ್ಟಿಯಾಗುವ ಅಂಟುದ್ರವ) ಸೇರಿಸಿ ಮಾಡುವ ಗೂಡು. ರೆಸಿನ್ ಹಚ್ಚುವುದೆಲ್ಲ ಬೆಳಿಗ್ಗೆ ಎಂಟರೊಳಗೆ ಮುಗಿಯಬೇಕು. ಈ ತಿಂಗಳಲ್ಲಿ ಹೊತ್ತೇರಿದರೆ ಕಲಸಿದ ರೆಸಿನ್ ಬ್ರಷ್ಷಿಗೆ ಬರುವ ಮುಂಚೆ ತಟ್ಟೆಯಲ್ಲೇ ಗಟ್ಟಿಯಾಗುತ್ತದೆ.

ಬಿಸಿಲೆಂದು ಹಾರ್ಡ್ನರ್ (ರೆಸಿನ್ ಗಟ್ಟಿ ಮಾಡುವ ದ್ರವ) ಕಡಿಮೆ ಹಾಕುವವರೇ ಜಾಸ್ತಿ. ಅದು ಸರಿಯಲ್ಲ. ಶೇ 1ಕ್ಕಿಂತ ಕೆಳಗಿಳಿದರೆ ಪದರ ಪೂರ್ತಿ ಸೆಟ್ ಆಗದೆ ಮೆತ್ತಗೇ ಉಳಿಯುತ್ತದೆ. 200 ಗ್ರಾಂ ರೆಸಿನ್‌ಗೆ 2 ಗ್ರಾಂ ಹಾರ್ಡ್ನರ್, ತೂಕ ಮಾಡಿಯೇ, ಕಣ್ಣಳತೆ ಬೇಡ. ಒಂದು ಸಲಕ್ಕೆ ಅಷ್ಟೇ ಕಲಸಿ ಅಗಲ ತಟ್ಟೆಗೆ ಸುರಿದುಕೊಳ್ಳಬೇಕು. ಆಳದ ಮಗ್ಗಿನಲ್ಲಿಟ್ಟರೆ ಶಾಖ ಹೊರಗೆ ಹೋಗದೆ ರೆಸಿನ್ ಹೊಗೆಯಾಡುತ್ತದೆ. ಕೋಬಾಲ್ಟ್ (ಗಟ್ಟಿಯಾಗುವುದನ್ನು ಚುರುಕು ಮಾಡುವ ದ್ರವ) ಮೊದಲೇ ಬೆರೆಸಿದ ರೆಸಿನ್ ತರುವುದು ಕ್ಷೇಮ. ಬೇರೆ ಸೀಸೆಯಲ್ಲಿ ಕೊಟ್ಟರೆ ಕೋಬಾಲ್ಟನ್ನು ಮೊದಲು ರೆಸಿನ್‌ಗೆ ಚೆನ್ನಾಗಿ ಕಲಸಿ, ಆಮೇಲಷ್ಟೇ ಹಾರ್ಡ್ನರ್. ಅವೆರಡು ನೇರವಾಗಿ ಸೇರಿದರೆ ಬೆಂಕಿ ಹತ್ತುತ್ತದೆ, ಸಿಡಿಯಲೂಬಹುದು. ಹಾರ್ಡ್ನರ್ ಹನಿ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು, ಹಾಗಾಗಿ ಕನ್ನಡಕ ಕಡ್ಡಾಯ.

ತಳಕ್ಕೆ ಬಾಗಿಲಿನ ಪ್ಯಾನಲ್ ಮೇಲೆ ಎರಡು ಪದರ ಮಾಸ್ಕಿಂಗ್ ಟೇಪು, ಅದರ ಮೇಲೆ ವ್ಯಾಕ್ಸ್, ನಂತರ 450 ಜಿಎಸ್‌ಎಂ (ಚದರ ಮೀಟರಿಗೆ 450 ಗ್ರಾಂ) ಗಾಜಿನ ನಾರಿನ ಮ್ಯಾಟ್ ಎರಡು ಪದರ, ರೆಸಿನ್ ಹಚ್ಚಿ. ಇದು ಗಟ್ಟಿಯಾದ ಮೇಲೆ ಸ್ಪೀಕರ್ ಕೂರುವ ಎಂಡಿಎಫ್ (ಮರದ ನಾರಿನ ಹಲಗೆ) ರಿಂಗನ್ನು ಮರದ ತುಂಡುಗಳ ಮೇಲೆ ಓರೆಯಾಗಿ ಅಂಟಿಸುವುದು. ಅಂಟಿಸುವ ಮುಂಚೆ ಗಾಜು ಪೂರ್ತಿ ಇಳಿಸಿ ನೋಡಬೇಕು, ಸ್ಪೀಕರಿನ ಮ್ಯಾಗ್ನೆಟ್ ತಾಗುವುದು ಅಲ್ಲೇ. ಬಾಗಿಲು ಮುಚ್ಚಿ, ಡ್ಯಾಶ್‌ಬೋರ್ಡಿಗೆ ತಗಲುತ್ತದೆಯೇ ಎಂದೂ ನೋಡಿಬಿಡಿ.

ರಿಂಗಿನ ಮೇಲೆ ಎಳೆದು ಕಟ್ಟಲು ಹಿಗ್ಗುವ ಫ್ಲೀಸ್ ಬಟ್ಟೆ. ನಮ್ಮೂರಲ್ಲಿ ಜೀನ್ಸ್ ತುಂಡಿಗೆ ಬರವಿಲ್ಲ, ಆದರೆ ಅದು ಇಲ್ಲಿ ಉಪಯೋಗಕ್ಕಿಲ್ಲ: ನೇಯ್ಗೆ ಬಿಗಿ, ಸ್ಟ್ರೆಚ್ ಜೀನ್ಸ್ ಕೂಡ ಹೆಚ್ಚಾಗಿ ಒಂದೇ ಕಡೆಗೆ ಹಿಗ್ಗುತ್ತದೆ. ಎಳೆದ ಬಟ್ಟೆ ರಿಂಗಿಗೂ ತಳಕ್ಕೂ ನಡುವೆ ಒಳಕ್ಕೆ ಬಾಗುತ್ತದೆ. ಉಬ್ಬು ಬೇಕಿದ್ದರೆ ಒಳಗೆ ಥರ್ಮೊಕೋಲ್ ಬದಲು ಮರದ ಆಸರೆ ಕೊಡಿ, ಥರ್ಮೊಕೋಲನ್ನು ರೆಸಿನ್ ಕರಗಿಸಿಬಿಡುತ್ತದೆ. ಮೊದಲು ಬಟ್ಟೆಗೆ ಮ್ಯಾಟ್ ಇಲ್ಲದೆ, ಹಾರ್ಡ್ನರ್ ಕಲಸಿದ ರೆಸಿನ್ ಮಾತ್ರ ಕುಡಿಸಿ, ಗಟ್ಟಿಯಾದ ಮೇಲೆ ಹಿಂಬದಿಯಿಂದ ಮೂರು ಪದರ ಮ್ಯಾಟ್. ಹೀಗೆ ಮಾಡಿದರೆ ಮುಂದಿನ ಮೈ ನುಣುಪಾಗಿ ಉಳಿದು, ತಗ್ಗು ತುಂಬುವ ಪುಟ್ಟಿ ಕಡಿಮೆ ಸಾಕಾಗುತ್ತದೆ.

40 ಸೆಂ.ಮೀ. × 30 ಸೆಂ.ಮೀ. ತುಂಡು ಒಂದಕ್ಕೆ 54 ಗ್ರಾಂ ಮ್ಯಾಟ್. ಮೂರಕ್ಕೆ 162 ಗ್ರಾಂ. ರೆಸಿನ್ ಅದರ ಎರಡರಿಂದ ಎರಡೂವರೆ ಪಟ್ಟು, ಅಂದರೆ 325ರಿಂದ 400 ಗ್ರಾಂ. ಬಟ್ಟೆ ಕುಡಿಯುವುದು ಬೇರೆ. ಅಂಚನ್ನು ಕತ್ತರಿಸದೆ ಕೈಯಿಂದ ಹರಿದರೆ ಜೋಡಣೆ ಕಾಣುವುದಿಲ್ಲ. ಬೆಳ್ಳಗೆ ಉಳಿದ ಚುಕ್ಕೆ ಎಂದರೆ ಒಳಗೆ ಗಾಳಿ, ರೋಲರಿನಿಂದ ಹೊರಕ್ಕೆ ತಳ್ಳಬೇಕು. ಬಿಟ್ಟರೆ ಬಿಸಿಲಲ್ಲಿ ನಿಂತ ಕಾರಿನಲ್ಲಿ ಅಲ್ಲೇ ಪುಟ್ಟಿ ಉಬ್ಬುತ್ತದೆ.

ಗಟ್ಟಿಯಾಯಿತೆಂದು ಇವತ್ತೇ ಬಿಚ್ಚುವಂತಿಲ್ಲ, ರಾತ್ರಿ ಪ್ಯಾನಲ್ ಮೇಲೇ ಇರಲಿ. ಬೇಗ ಬಿಚ್ಚಿದ್ದರ ಅಂಚು ಸೊಟ್ಟಗಾಗಿ ಮತ್ತೆ ಕೂರುವುದೇ ಇಲ್ಲ. ನಾಳೆ ಟೆರೇಸಿನ ಬಿಸಿಲಿಗೆ, ಪ್ಯಾನಲ್ಲಿಗೆ ಸ್ಕ್ರೂ ಹಾಕಿಕೊಂಡೇ ಎರಡು ದಿನ. ಮೈ ಅಂಟಂಟಾಗಿದ್ದರೆ ಅಸಿಟೋನಿನಿಂದ ಒರೆಸಿ ಉಜ್ಜಲು ಶುರು, ಇಲ್ಲವಾದರೆ ಉಜ್ಜುವ ಪೇಪರ್ ಕಟ್ಟಿಕೊಳ್ಳುತ್ತದೆ. 80ನೇ ನಂಬರಿನ ಪೇಪರಿನಿಂದ ಪುಟ್ಟಿ ಉಜ್ಜಿ, ಆಮೇಲೆ 180ನೇ ನಂಬರು, ಪ್ರೈಮರ್, ಕೊನೆಗೆ 320ನೇ ನಂಬರು. ಪೇಂಟ್ ಮಾಡುವ ದಿನ ನೆಲಕ್ಕೆ ನೀರು ಚಿಮುಕಿಸಬೇಕು, ಇಲ್ಲಿನ ಕೆಂಪು ಧೂಳು ಹಸಿ ಬಣ್ಣಕ್ಕೆ ಹತ್ತಿದರೆ ಮತ್ತೆ 320ರಿಂದಲೇ ಶುರು.