ನಿಜ ಬರೆದರೆ ಅಂಕ ಕಮ್ಮಿ ಮಾಡ್ತೀರಾ?

ಮಂಗಳವಾರ ಕೇಳಿದ ಪ್ರಶ್ನೆ. ಇವತ್ತು ಶುಕ್ರವಾರ. ಬೆಳಿಗ್ಗೆ ದೋಸೆ ಹುಯ್ಯುವಾಗಲೂ ಕಿವಿಯಲ್ಲಿ ಅದೇ ಇತ್ತು. ಒಂದು ದೋಸೆ ಸೀದೂ ಹೋಯಿತು.

ಕೇಳಿದವಳು ಮೈಸೂರಿನ ನಮ್ಮ ವಿಶೇಷ ಮಕ್ಕಳ ಪ್ರಿಸ್ಕೂಲಿಗೆ ತರಬೇತಿಗೆ ಬಂದಿರುವ ಹುಡುಗಿ. ಪಾಠ ಮಾಡಬೇಕು, ಸಂಜೆ ಡೈರಿಯಲ್ಲಿ ಆತ್ಮಾವಲೋಕನ ಬರೆಯಬೇಕು. ನಾನು ಓದಿ ಅಂಕ ಹಾಕಬೇಕು.

ಅವಳ ಡೈರಿಯಲ್ಲಿ ಇದ್ದದ್ದು ಒಂದೇ ಸಾಲು: "ಮಗು ಸಹಕರಿಸಲಿಲ್ಲ." ಈ ಸಾಲು ಕಂಡರೆ ನನಗೆ ಮೈ ಉರಿಯುತ್ತದೆ. ನಾಲ್ಕು ವರ್ಷದ, ಇನ್ನೂ ಮಾತು ಬಾರದ ಮಗು. ಸಹಕರಿಸೋಕೆ ಅದೇನು ಹಾಲಿನ ಸೊಸೈಟಿ ಮೆಂಬರಾ?

ಮಂಡ್ಯದಿಂದ ಬೆಳಗಿನ ರೈಲಿಗೆ ಬರುವ ಮಗು ಅದು. ಅಮ್ಮನೂ ತರಗತಿಯಲ್ಲೇ ಕೂತು ಕಲಿಯುತ್ತಾಳೆ. ಆಕೆಯ ಮೇಲಿರುವಷ್ಟು ಗೌರವ ನನಗೆ ನಮ್ಮ ಅರ್ಧ ಸಿಬ್ಬಂದಿ ಮೇಲಿಲ್ಲ, ಇರಲಿ ಬಿಡಿ.

ಪಾಠ ನಾನೂ ನೋಡಿದ್ದೆ. ಹುಡುಗಿ ಬಾಳೆಹಣ್ಣು ಹಿಡಿದು "ಇದೇನು?" ಅಂದಳು. ಮಗುವಿನ ಕಣ್ಣು ಹಣ್ಣಿನ ಮೇಲೆ ನಿಂತಿತು. ತುಟಿ ಕೂಡಿತು. ತುಟಿ ಕೂಡದೆ 'ಬಾ' ಬರುವುದಿಲ್ಲ, ಅಲ್ವಾ? ಅಷ್ಟರಲ್ಲಿ ಇವಳೇ "ಬಾಳೆಹಣ್ಣು, ಹೇಳು, ಬಾಳೆಹಣ್ಣು" ಅಂತ ಮುಗಿಸಿಬಿಟ್ಟಳು. ಮಗು ತಿರುಗಿ ಅಮ್ಮನ ಬಳೆ ಹಿಡಿಯಿತು.

ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು: ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುವುದು ಹೆಚ್ಚುಕಮ್ಮಿ ಒಂದು ಸೆಕೆಂಡು. 3 ಸೆಕೆಂಡು ಕಾದರೆ ಮಕ್ಕಳ ಉತ್ತರವೇ ಬೇರೆ. ಅದು ಮಾತು ಬರುವ ಮಕ್ಕಳ ಕಥೆ. ನಮ್ಮ ಮಕ್ಕಳಿಗೆ ಇನ್ನೂ ಜಾಸ್ತಿ ಬೇಕು.

"ನಿಜವಾಗಿ ಏನಾಯ್ತು?" ಅಂದೆ.

"ನಾನು ಕಾಯಲಿಲ್ಲ ಮೇಡಂ. ನೀವು ಹಿಂದೆ ಕೂತಿದ್ರಿ. ಸುಮ್ನಿದ್ರೆ ಪಾಠ ಬರಲ್ಲ ಅಂದ್ಕೋತೀರಿ ಅನ್ನಿಸ್ತು." ಸ್ವಲ್ಪ ತಡೆದು, "ನಿಜ ಬರೆದರೆ ಅಂಕ ಕಮ್ಮಿ ಮಾಡ್ತೀರಾ?"

"ಛೆ, ಇಲ್ಲಮ್ಮ" ಅಂದೆ. ಒಂದು ಸೆಕೆಂಡೂ ಕಾಯಲಿಲ್ಲ ನಾನು.

ಸುಳ್ಳು. ಹೋದ ವರ್ಷ ಒಬ್ಬಳು "ಏನು ಮಾಡಬೇಕೋ ತಿಳಿಯಲಿಲ್ಲ" ಅಂತ ಬರೆದಿದ್ದಳು. 'ಆತ್ಮವಿಶ್ವಾಸ' ಅನ್ನುವ ಕಾಲಂನಲ್ಲಿ ಎರಡು ಅಂಕ ಕಳೆದಿದ್ದೆ. ಗಟ್ಟಿ ದನಿಯಲ್ಲಿ, ಎಲ್ಲೂ ನಿಲ್ಲದೆ ಮಾತಾಡಿದವಳಿಗೆ ಹತ್ತಕ್ಕೆ ಒಂಬತ್ತು. ತಾನೇ ಮಾಡಿ ಗೆದ್ದರೆ ಬರುವ ನಂಬಿಕೆಯೇ ಗಟ್ಟಿ ಅಂತ ಮನಶ್ಶಾಸ್ತ್ರಜ್ಞ ಬಂಡೂರ 1977ರಲ್ಲಿ ಬರೆದದ್ದನ್ನು ವರ್ಷಾ ವರ್ಷ ಬೋರ್ಡಿನ ಮೇಲೆ ಬರೆಯುವವಳೂ ನಾನೇ. ಅಂಕ ಸೇರಿ ಕೋರ್ಸ್ ಪಾಸಾಗಬೇಕು, ಆಮೇಲೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ವಿಶೇಷ ಶಿಕ್ಷಕಿಯಾಗಿ ನೋಂದಣಿ, ಆಮೇಲೆ ಕೆಲಸ. ಇಷ್ಟೆಲ್ಲ ತಲೆ ಮೇಲಿರುವಾಗ ಯಾರು ತಾನೇ ತನ್ನ ತಪ್ಪನ್ನು ಡೈರಿಗೆ ಬರೆದಾಳು? ಮಗುವಿನ ಮೇಲೆ ಹಾಕುವುದು ಸುಲಭ. ಅದು ಡೈರಿ ಓದುವುದಿಲ್ಲ.

ನಿನ್ನೆ ನಾನು ಒಳಗೆ ಕೂರಲಿಲ್ಲ. ಕಿಟಕಿ ಹೊರಗೆ ನಿಂತೆ. ಮತ್ತದೇ ಹಣ್ಣು, "ಇದೇನು?" ನಾನು ಬೆರಳು ಮಡಚುತ್ತಾ ಹೋದೆ. ಐದು. ಆರು. ಅವಳ ಕುತ್ತಿಗೆಯಲ್ಲಿ ಬೆವರು. ಎಂಟಕ್ಕೆ ಮಗು ಕೈ ಚಾಚಿ ಹಣ್ಣು ತೆಗೆದುಕೊಂಡಿತು. 'ಬಾ' ಬರಲಿಲ್ಲ. ನೇರ ಹೋಗಿ ಅಮ್ಮನ ಕೈಗೆ ಕೊಟ್ಟು ಸಿಪ್ಪೆಯ ತುದಿ ತೋರಿಸಿತು.

ಹುಡುಗಿ ಕಿಟಕಿ ಕಡೆ ನೋಡಿದಳು. ನಾನು ಫೋನ್ ನೋಡುವವಳ ಹಾಗೆ ನಿಂತೆ.