ಬೀದರ್ ಸುತ್ತಲಿನ ಗೂಡುಕಟ್ಟುವ ಹಕ್ಕಿಗಳ ದಾಖಲಾತಿ: ಜುಲೈ ಅಂತ್ಯದವರೆಗಿನ ಪ್ರಗತಿ

ಬೇಸಿಗೆಯ ಸುತ್ತು ಮುಗಿದು, ಮಳೆಗಾಲದ ಸುತ್ತು ಅರ್ಧಕ್ಕೆ ಬಂದಿದೆ. ಬೀದರ್ ನಗರದ ಸುತ್ತಲಿನ ಜಂಬಿಟ್ಟಿಗೆ ನೆಲ, ಹೊನ್ನಿಕೇರಿ ಅರಣ್ಯದ ಅಂಚು ಮತ್ತು ಕಾರಂಜಾ ಜಲಾಶಯದ ಹಿನ್ನೀರಿನ ದಂಡೆಗಳನ್ನು ಚೌಕಗಳಾಗಿ ಹಂಚಿಕೊಂಡಿರುವ ನಮ್ಮ ಸ್ವಯಂಸೇವಕರು, ಕಂಡ ಹಕ್ಕಿಯ ಹೆಸರಿನೊಂದಿಗೆ ಅದು ಇಲ್ಲಿ ಮರಿ ಮಾಡುತ್ತಿರುವುದಕ್ಕೆ ಏನು ಪುರಾವೆ ಸಿಕ್ಕಿತೆಂಬುದನ್ನೂ ಬರೆಯುತ್ತಾರೆ. ಪುರಾವೆಗೆ ಸಾಧ್ಯ, ಸಂಭವನೀಯ, ಖಚಿತ ಎಂಬ ಮೂರು ದರ್ಜೆಗಳಿವೆ. 2015ರಿಂದ 2020ರವರೆಗೆ ನಡೆದ ಕೇರಳದ ಪಕ್ಷಿ ನಕಾಶೆಯ ಕೆಲಸದಲ್ಲಿ ಒಣ ಮತ್ತು ಮಳೆ ಎರಡೂ ಕಾಲಗಳಲ್ಲಿ ಸಮೀಕ್ಷೆ ನಡೆದಿತ್ತು. ಇಲ್ಲಿನ ಹಕ್ಕಿಗಳೂ ಎಲ್ಲವೂ ಒಂದೇ ಕಾಲದಲ್ಲಿ ಗೂಡು ಮಾಡುವುದಿಲ್ಲವಾದ್ದರಿಂದ ಆ ಕ್ರಮವನ್ನೇ ಹಿಡಿದಿದ್ದೇವೆ.

ಹಳದಿ ಟಿಟ್ಟಿಭವು ಮುಂಗಾರಿಗೆ ಮೊದಲೇ ಮೊರಂ ಹರಡಿದ ಬರಡು ನೆಲದಲ್ಲಿ ಸಣ್ಣ ಗುಳಿ ಮಾಡಿ, ಸಾಮಾನ್ಯವಾಗಿ ನಾಲ್ಕು ಮೊಟ್ಟೆಗಳನ್ನಿಡುತ್ತದೆ. ಮೊಟ್ಟೆಗಳು ಸುತ್ತಲಿನ ಹರಳುಗಳಲ್ಲಿ ಗುರುತೇ ಸಿಗದಂತೆ ಬೆರೆತುಹೋಗುವುದರಿಂದ, ಹುಡುಕುತ್ತ ನಡೆಯುವವರ ಕಾಲಡಿಯಲ್ಲೇ ಅವು ಒಡೆಯುವ ಅಪಾಯವಿದೆ. ಆದ್ದರಿಂದ ಗೂಡನ್ನು ಹುಡುಕದೆ, ದೂರದ ಬದುವಿನ ಮೇಲಿನ ಜಾಲಿಯ ನೆರಳಿನಲ್ಲಿ ದುರ್ಬೀನು ಹಿಡಿದು ಕುಳಿತು, ಹಕ್ಕಿ ತಾನಾಗಿ ಬಂದು ಕಾವಿಗೆ ಕೂರುವವರೆಗೆ ಕಾಯುವುದು ನಮ್ಮ ನಿಯಮ. ಮೇ ತಿಂಗಳ ಬಿಸಿಲಿನಲ್ಲಿ ಹಕ್ಕಿಯನ್ನು ಎಬ್ಬಿಸಿದರೆ ಮೊಟ್ಟೆಗಳು ಬೆಂದುಹೋಗುತ್ತವೆ. ಹೀಗಾಗಿ ಬಿಸಿಲೇರುವ ಮೊದಲೇ ಜಾಗ ಬಿಡುತ್ತಿದ್ದೆವು. ಮೊಟ್ಟೆಯ ಫೋಟೊ ಬೇಕೆಂದು ಹಟ ಹಿಡಿಯುವ ಗೆಳೆಯರಿಗೆ ಈ ತಂಡ ಸರಿಹೊಂದುವುದಿಲ್ಲ.

ಕೆಂಪು ಟಿಟ್ಟಿಭದ ವಿಷಯದಲ್ಲಿ ಚರ್ಚೆಯಾಯಿತು. ಗಾಬರಿಯ ಕೂಗನ್ನು ಸಂಭವನೀಯ ದರ್ಜೆಗೆ ಸೇರಿಸುವ ಪದ್ಧತಿಯಿದ್ದರೂ, ನಾಯಿ ಬಂದರೂ ಎಮ್ಮೆ ಬಂದರೂ ಊರನ್ನೇ ಎಬ್ಬಿಸುವ ಈ ಹಕ್ಕಿಯ ಕೂಗಾಟವೊಂದನ್ನೇ ನಂಬಬಾರದೆಂಬುದು ನನ್ನ ನಿಲುವು. ಅದಕ್ಕಿಂತ, ನೀರಿನಲ್ಲಿ ಎದೆಯ ಗರಿಗಳನ್ನು ನೆನೆಸಿಕೊಂಡು ಬಂದು ಮೊಟ್ಟೆಗಳನ್ನು ತಂಪು ಮಾಡುವ ಅದರ ನಡತೆಯನ್ನು ಗಮನಿಸುವುದು ಹೆಚ್ಚು ಭರವಸೆಯ ದಾರಿ.

ಗೀಜಗನ ಕಥೆ ಬೇರೆ. ಮೃಗಶಿರಾ ಮಳೆ ಬಿದ್ದು ಹುಲ್ಲು ಎದ್ದ ಮೇಲೆ ಹಳೆಯ ಬಾವಿಗಳ ಮೇಲೆ ಬಾಗಿದ ಕೊಂಬೆಗಳಲ್ಲಿ, ಈಚಲು ಮರಗಳಲ್ಲಿ ಗೂಡುಗಳು ಜೋತುಬಿದ್ದಿವೆ. ಇತರ ಬಹಳಷ್ಟು ಹಕ್ಕಿಗಳಲ್ಲಿ ಗೂಡು ಕಟ್ಟುವುದನ್ನು ಕಂಡರೆ ಸಾಕು, ಖಚಿತವೆಂದು ಬರೆಯಬಹುದು. ಆದರೆ ಗಂಡು ಗೀಜಗ ಅರ್ಧ ನೇಯ್ದ ಗೂಡನ್ನು ಹೆಣ್ಣು ಬಂದು ಪರೀಕ್ಷಿಸಿ, ಒಪ್ಪಿದರಷ್ಟೇ ಕೆಲಸ ಮುಂದುವರಿಯುತ್ತದೆ, ಒಪ್ಪದಿದ್ದರೆ ಗೂಡು ಹಾಗೆಯೇ ಉಳಿಯುತ್ತದೆ. ಅದಕ್ಕಾಗಿ ಗೂಡುಗಳ ಎಣಿಕೆಯನ್ನು ಪ್ರತ್ಯೇಕ ಅಂಕಣದಲ್ಲಿಟ್ಟು, ಹೆಣ್ಣು ಕೊಕ್ಕಿನಲ್ಲಿ ಹುಳು ಹಿಡಿದು ಒಳಹೊಕ್ಕುದನ್ನು ಕಂಡಾಗ ಮಾತ್ರ ಖಚಿತವೆಂದು ಬರೆಯುತ್ತಿದ್ದೇವೆ. ಈವರೆಗೆ ಬಂದ ಹಾಳೆಗಳಲ್ಲಿ ಗೀಜಗನ ಹೆಚ್ಚಿನ ನಮೂದುಗಳು ಸಂಭವನೀಯ ದರ್ಜೆಯಲ್ಲೇ ನಿಂತಿವೆ. ಅವಸರ ಪಡುವ ಅಗತ್ಯವಿಲ್ಲ.

ರಿವರ್ ಟರ್ನ್ ಹಕ್ಕಿಗಳು ನೀರು ಇಳಿದಾಗ ಮೇಲೆ ಕಾಣಿಸಿಕೊಳ್ಳುವ ನಡುಗಡ್ಡೆಗಳಲ್ಲಿ ಮೊಟ್ಟೆಯಿಡುವುದರಿಂದ ಕಾರಂಜಾ ಹಿನ್ನೀರಿನ ಆ ಭಾಗವನ್ನು ಬೇಸಿಗೆಯಲ್ಲೇ ದಡದಿಂದ ನೋಡಿ ಮುಗಿಸಿದ್ದೇವೆ. ನೆಲದ ಗೂಡುಗಳಿರುವ ನಿಖರ ಸ್ಥಳಗಳನ್ನು ಹೊರಗೆ ಕೊಡದೆ, ಚೌಕದ ಸಂಖ್ಯೆಯನ್ನಷ್ಟೇ ಹಂಚುತ್ತೇವೆ.

ಆಗಸ್ಟ್ ಸುತ್ತಿನಲ್ಲಿ ಚಾತಕದ ಕೆಲಸವಿದೆ. ಅದು ಹರಟೆಮಲ್ಲನ ಗೂಡಿನಲ್ಲಿ ಮೊಟ್ಟೆಯಿಡುವುದರಿಂದ, ಹರಟೆಮಲ್ಲನ ಗುಂಪುಗಳ ಹಿಂದೆ ಹೋಗಿ, ಅವು ಉಣಿಸುತ್ತಿರುವ ಮರಿ ಯಾವುದೆಂದು ನೋಡಬೇಕಾಗುತ್ತದೆ. ಸೋಯಾ ಮತ್ತು ತೊಗರಿ ಹೊಲಗಳ ಚೌಕಗಳಿಗೆ ಬೆಳಗಿನ ಹೊತ್ತು ಬರಬಲ್ಲವರು ಇನ್ನೂ ಬೇಕು. ಹೊಲದೊಳಗೆ ಇಳಿಯುವ ಮೊದಲು ರೈತರನ್ನು ಕೇಳಿಕೊಳ್ಳಬೇಕು.