ಹೆಬ್ಬೆರಳು ಎತ್ತಿದರೆ ಸೂಪರ್ ಅಂತಲ್ಲ

ನೀರಿಗೆ ಇಳಿಯೋ ಮೊದಲು ಆರು ವರ್ಷ ಕುಮಟಾ, ಹೊನ್ನಾವರ ಕಡೆ ಮದುವೆ ಫೋಟೋ ತೆಗೆಯುತ್ತಿದ್ದೆ. ಬಾಯಿಗೆ ಅಂಟಿಕೊಂಡಿದ್ದ ಮಾತು ಒಂದೇ, 'ಸ್ವಲ್ಪ ನಗಿ'. ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ (ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಡಿ ಈಜೋದು) ಮಾಡುವವರ ಫೋಟೋ ತೆಗೆಯೋ ಕೆಲಸಕ್ಕೆ ಸೇರಿದ ಮೊದಲ ವಾರವೇ ಈ ಚಟಕ್ಕೆ ಬೈಸಿಕೊಂಡೆ. ಕೆಳಗೆ ಮಾತಾಡಕ್ಕಾಗಲ್ಲ, ಸರಿ. ನಾನು ಕೈಸನ್ನೆಯಲ್ಲೇ ನಗಿ ನಗಿ ಅಂತಿದ್ದೆ. ನಕ್ಕರೆ ಕೆನ್ನೆ ಉಬ್ಬುತ್ತದೆ, ಮೂಗಿನ ಪಕ್ಕ ಗೆರೆ ಬೀಳುತ್ತದೆ, ಆ ಗೆರೆ ಹಿಡಿದು ಮಾಸ್ಕಿನೊಳಗೆ ನೀರು ಬರುತ್ತದೆ. ಮೊದಲ ಸಲ ಇಳಿದವರಿಗೆ ಅಷ್ಟು ಸಾಕು, ಕೈಕಾಲು ಬಡಿಯೋಕೆ ಶುರು.

ನೇತ್ರಾಣಿ ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರ. ದೋಣಿಯಲ್ಲಿ ಒಂದು, ಒಂದೂವರೆ ಗಂಟೆ. ಶಿವನ ಮೂರ್ತಿ ಬೆನ್ನ ಹಿಂದೆ ಚಿಕ್ಕದಾಗುತ್ತಾ ಹೋಗುತ್ತದೆ, ಅಷ್ಟರಲ್ಲಿ ಹೊಟ್ಟೆ ತುಂಬ ಇಡ್ಲಿ-ವಡೆ ತಿಂದು ಬಂದವರು ದೋಣಿಯ ಅಂಚಿಗೆ ಒರಗಿರುತ್ತಾರೆ. ಮಳೆಗಾಲದಲ್ಲಿ ಕೆಲಸ ಬಂದ್. ಬರುವವರಲ್ಲಿ ಜಾಸ್ತಿ ಜನಕ್ಕೆ ಈಜೇ ಬರಲ್ಲ. ಮೊದಲ ಸಲದವರನ್ನು 12 ಮೀಟರಿಗಿಂತ ಕೆಳಗೆ ಒಯ್ಯುವ ಹಾಗಿಲ್ಲ. ನಾವು ಏಳೆಂಟು ಮೀಟರಿನಲ್ಲೇ ಇರುತ್ತೇವೆ.

ಅಷ್ಟು ಆಳ ಸಾಕು ಬಣ್ಣ ಕೆಡೋಕೆ. ಬೆಂಗಳೂರಿನ ಒಂದು ಜೋಡಿ, ಮದುವೆಯಾಗಿ ಒಂದು ವರ್ಷವಾಯ್ತು ಅಂತ ವೆಟ್‌ಸೂಟ್ ಮೇಲೆ ಹಾಕೋಕೆ ಒಂದೇ ಥರದ ಕೆಂಪು ಟೀಶರ್ಟ್ ತಂದಿದ್ದರು. ಫೋಟೋದಲ್ಲಿ ಇಬ್ಬರೂ ಕೆಸರು ಬಣ್ಣ. 'ಇದೇನಿದು, ಗದ್ದೆ ನಾಟಿ ಮುಗಿಸಿ ಬಂದಂಗಿದೀವಿ' ಅಂದಳು ಆ ಹುಡುಗಿ. ತಪ್ಪು ನಂದೇ, ದೋಣಿಯಲ್ಲೇ ಹೇಳಬೇಕಿತ್ತು. ನೀರು ಮೊದಲು ನುಂಗೋದೇ ಕೆಂಪನ್ನು. 5 ಮೀಟರಿಗೆ ಕೆಂಪು ಮಂಕಾಗುತ್ತದೆ, 10 ಮೀಟರ್ ಹತ್ತಿರ ಬಂದರೆ ಕಂದೋ ಬೂದೋ ಗೊತ್ತಾಗಲ್ಲ. ಕಿತ್ತಳೆ, ಹಳದಿಯ ಸರದಿ ಆಮೇಲೆ. ಕೊನೆಗೆ ಉಳಿಯೋದು ನೀಲಿ. ಅದಕ್ಕೇ ಈಗ ಜೇಬಿನಲ್ಲಿ ಒಂದು ಬಿಳಿ ಸ್ಲೇಟ್ ಇಟ್ಟುಕೊಂಡು, ಆ ಆಳದಲ್ಲೇ ಕ್ಯಾಮೆರಾಗೆ 'ಇದು ಬಿಳಿ' ಅಂತ ತೋರಿಸಿ ವೈಟ್ ಬ್ಯಾಲೆನ್ಸ್ ಮಾಡುತ್ತೇನೆ. ಎರಡು ಮೂರು ಮೀಟರ್ ಮೇಲೆ ಕೆಳಗೆ ಆದರೆ ಮತ್ತೆ ಮಾಡಬೇಕು.

ಲೈಟ್ ಹಾಕಿದರೆ ಬಣ್ಣ ವಾಪಸ್ ಬರುತ್ತದೆ, ಆದರೆ ಹತ್ತಿರ ಇದ್ದರೆ ಮಾತ್ರ. ಬೆಳಕು ಹೋಗಿ ಬರೋ ದಾರಿಯೂ ನೀರೇ ಅಲ್ವಾ. ಇನ್ನೊಂದು, ಲೈಟನ್ನು ಲೆನ್ಸಿನ ಪಕ್ಕದಲ್ಲೇ ಇಟ್ಟರೆ ನೀರಲ್ಲಿ ತೇಲೋ ಕಣಗಳೆಲ್ಲ ಹೊಳೆದು ಮುಖದ ಮುಂದೆ ಹಿಟ್ಟು ಎರಚಿದ ಹಾಗೆ ಬರುತ್ತದೆ. ಮಂಜಿನಲ್ಲಿ ಘಾಟಿ ಇಳಿಯುವಾಗ ಹೈಬೀಮ್ ಹಾಕಿದವರಿಗೆ ಇದು ಗೊತ್ತು. ಲೈಟನ್ನು ಉದ್ದ ತೋಳಿಗೆ ಕಟ್ಟಿ ಎರಡೂ ಬದಿಗೆ ದೂರ ಚಾಚಿಡಬೇಕು.

ಸ್ನಾರ್ಕೆಲಿಂಗ್ ಫೋಟೋ ನೋಡೋಕೆ ಸುಲಭ, ತೆಗೆಯೋಕೆ ಕಷ್ಟ. ಅವರು ಬಾಯಲ್ಲಿ ಉಸಿರಾಟದ ಕೊಳವೆ ಕಚ್ಚಿ, ಮುಖ ಕೆಳಗೆ ಮಾಡಿ ತೇಲುತ್ತಿರುತ್ತಾರೆ, ಮೇಲಿಂದ ತೆಗೆದರೆ ಬರೀ ಲೈಫ್ ಜಾಕೆಟ್ಟಿನ ಬೆನ್ನು. ಉಸಿರು ಕಟ್ಟಿ ಅವರ ಕೆಳಗೆ ಮುಳುಗಿ ಮೇಲಕ್ಕೆ ನೋಡಿ ತೆಗೆಯಬೇಕು. ಸ್ಕೂಬಾ ಮುಗಿಸಿ ಬಂದ ಮೇಲೆ ಹೀಗೆ ಮುಳುಗೋದು ಮೈಗೆ ಒಳ್ಳೆಯದಲ್ಲ, ರಕ್ತದಲ್ಲಿ ನೈಟ್ರೋಜನ್ ಇನ್ನೂ ಉಳಿದಿರುತ್ತದೆ. ಹಾಗಾಗಿ ಸ್ನಾರ್ಕೆಲಿಂಗ್‌ನವರದ್ದು ಬೆಳಿಗ್ಗೆಯೇ ಮುಗಿಸಿಬಿಡುತ್ತೇನೆ.

ಕ್ಯಾಮೆರಾ ಮುಳುಗಿಸಿದ್ದೂ ಆಗಿದೆ. ಹೌಸಿಂಗ್ ಅಂದ್ರೆ ಕ್ಯಾಮೆರಾ ಕೂರೋ, ನೀರು ನುಗ್ಗದ ಡಬ್ಬಿ; ಅದರ ಬಾಗಿಲಿನಲ್ಲಿ ನೀರು ತಡೆಯೋ ರಬ್ಬರ್ ಓ-ರಿಂಗ್ ಮೇಲೆ ಒಂದು ತಲೆಗೂದಲು ಕೂತಿತ್ತು. ಒಂದೇ ಒಂದು. ಎರಡು ತಿಂಗಳ ಸಂಬಳ ಉಪ್ಪುನೀರು ಕುಡಿಯಿತು. ದೋಣಿ ನಡೆಸುವವರು ಇಣುಕಿ ನೋಡಿ, 'ಎಂತ ಮಾರಾಯ, ಮೀನು ಸಾಕ್ತಿದ್ಯಾ ಅದ್ರಲ್ಲಿ?' ಅಂದರು. ಈಗ ಹಿಂದಿನ ರಾತ್ರಿಯೇ ಕೋಣೆಯ ಫ್ಯಾನ್ ಆಫ್ ಮಾಡಿ ರಿಂಗ್ ಒರೆಸಿ, ಗ್ರೀಸ್ ಸವರಿ ಮುಚ್ಚುತ್ತೇನೆ.

ಅದೆಲ್ಲ ದುಡ್ಡಿನ ನಷ್ಟ, ಮರೆತುಹೋಗುತ್ತದೆ. ಮರೆಯದೇ ಇರೋದು ಹಾವೇರಿ ಕಡೆಯಿಂದ ಬಂದಿದ್ದ ಒಬ್ಬ ಹಿರಿಯರದ್ದು. ಅರವತ್ತು ಆಗಿರಲಿಲ್ಲ, ಡಾಕ್ಟರ್ ಚೀಟಿ ಎಲ್ಲ ಸರಿ ಇತ್ತು, ಅಳಿಯನ ಜೊತೆ ಬಂದಿದ್ದರು. ದೋಣಿಯಲ್ಲಿ ಸನ್ನೆ ಹೇಳಿಕೊಟ್ಟಿದ್ದೆವು. ಹೆಬ್ಬೆರಳು ತೋರುಬೆರಳು ಸೇರಿಸಿ ಸುತ್ತು ಮಾಡಿದರೆ ಓಕೆ. ಹೆಬ್ಬೆರಳು ಮೇಲಕ್ಕೆ ಮಾಡಿದರೆ 'ನಾನು ಮೇಲೆ ಹೋಗಬೇಕು'. ಇಳಿದು ಐದು ನಿಮಿಷ ಆಗಿರಬೇಕು. ಬಂಡೆಯ ಮುಂದೆ ಚಿಟ್ಟೆ ಮೀನುಗಳ ಗುಂಪು, ಹಿಂದಿನಿಂದ ಬಿಸಿಲ ಕೋಲು. ಫ್ರೇಮ್ ಅಂದ್ರೆ ಫ್ರೇಮ್. ಅವರು ನನ್ನ ಕಡೆ ನೋಡಿ ಹೆಬ್ಬೆರಳು ಎತ್ತಿದರು. ಭಲೇ ಪೋಸ್ ಕೊಟ್ರಲ್ಲ ಅಂದುಕೊಂಡು ತೆಗೆದೆ. ಮತ್ತೆ ಎತ್ತಿದರು, ಈ ಸಲ ಕೈ ಜೋರಾಗಿ ಅಲುಗಾಡಿಸಿ. ಇನ್ನೊಂದು ತೆಗೆದೆ. ಮೂರನೆಯ ಸಲ ಎರಡೂ ಹೆಬ್ಬೆರಳು. ಅದನ್ನೂ ತೆಗೆದೆ.

ಕೊನೆಗೆ ಅವರು ಕಾಲು ಒದೆಯತೊಡಗಿದಾಗ ಇನ್‌ಸ್ಟ್ರಕ್ಟರಿಗೆ ಗೊತ್ತಾಗಿ ನಿಧಾನಕ್ಕೆ ಮೇಲೆ ತಂದರು. ಏನೂ ಆಗಿರಲಿಲ್ಲ, ಕಿವಿ ನೋವು ಅಷ್ಟೇ. ದೋಣಿಗೆ ಹತ್ತಿ ಮಾಸ್ಕ್ ತೆಗೆದವರೇ ನನ್ನ ಕಡೆ ತಿರುಗಿದರು. 'ಏನಪಾ ತಮ್ಮಾ, ನಾ ಮ್ಯಾಲೆ ಹೋಗೂಣು ಅಂತ ಬೆರಳು ತೋರ್ಸಾಕತ್ತೀನಿ, ನೀ ಫೋಟೋ ಹೊಡ್ಯಾಕತ್ತಿ!' ಅಳಿಯ ಬಿದ್ದು ಬಿದ್ದು ನಕ್ಕ. ನನಗೆ ನಗು ಬರಲಿಲ್ಲ.

ಸಂಜೆ ಲ್ಯಾಪ್‌ಟಾಪಿನಲ್ಲಿ ಆ ಮೂರು ಫೋಟೋ ದೊಡ್ಡದು ಮಾಡಿ ನೋಡಿದೆ. ಮೊದಲನೆಯದರಲ್ಲಿ ಬಾಯಿಂದ ಗುಳ್ಳೆಗಳು ಗೊಂಚಲು ಗೊಂಚಲಾಗಿ, ನಡುವೆ ಜಾಗ ಬಿಟ್ಟು ಹೋಗುತ್ತಿವೆ. ಮೂರನೆಯದರಲ್ಲಿ ಜಾಗವೇ ಇಲ್ಲ, ಒಂದೇ ಧಾರೆ. ಕಣ್ಣು ಮಾಸ್ಕಿನ ಗಾಜಿಗೆ ತಾಗುವಷ್ಟು ಅಗಲ. ಎಲ್ಲ ಫೋಕಸ್ಸಿನಲ್ಲಿ ಇದೆ, ಅಷ್ಟು ಚೆನ್ನಾಗಿ ತೆಗೆದಿದ್ದೇನೆ. ನೋಡಿರಲಿಲ್ಲ.

ಮೊದಲ ಸಲದವರನ್ನು ಇನ್‌ಸ್ಟ್ರಕ್ಟರ್ ಹಿಂದಿನಿಂದ ಸಿಲಿಂಡರ್ ಹಿಡಿದು ಕರೆದೊಯ್ಯುತ್ತಾರೆ. ಅವರಿಗೆ ಕಾಣೋದು ಗೆಸ್ಟಿನ ತಲೆಯ ಹಿಂಭಾಗ. ಬಗ್ಗಿ ಬಗ್ಗಿ ನೋಡುತ್ತಿರುತ್ತಾರೆ, ನಿಜ. ಆದರೆ ಮುಖಕ್ಕೆ ಮುಖ ಕೊಟ್ಟು ಇಡೀ ಹೊತ್ತು ಎದುರಿಗೆ ಇರೋನು ನಾನೊಬ್ಬನೇ. ನನ್ನನ್ನು ಕೆಲಸಕ್ಕೆ ತಗೊಂಡಾಗ ಇದನ್ನು ಯಾರೂ ಹೇಳಿರಲಿಲ್ಲ, ಹೊಳೆದೂ ಇರಲಿಲ್ಲ.

ಈಗ ಕ್ಯಾಮೆರಾ ಎದೆಮಟ್ಟದಲ್ಲಿ ಹಿಡಿಯುತ್ತೇನೆ. ಸ್ಕ್ರೀನ್ ನೋಡೋದು ಕಡಿಮೆ, ವೈಡ್ ಲೆನ್ಸ್ ಇರೋದರಿಂದ ಅಂದಾಜಿನಲ್ಲೇ ಹಿಡಿಯಬಹುದು. ಮೊದಲು ಗುಳ್ಳೆ, ಆಮೇಲೆ ಕಣ್ಣು, ಆಮೇಲೆ ಕೈ. ಉಸಿರು ಒಳಗೆ ಎಳೆದುಕೊಳ್ಳೋ ಆ ಎರಡು ಕ್ಷಣ ಮುಖದ ಮುಂದೆ ಗುಳ್ಳೆ ಇರಲ್ಲ, ಆಗ ಕ್ಲಿಕ್. ಗುಳ್ಳೆ ನೋಡೋ ಅಭ್ಯಾಸದಿಂದ ಫೋಟೋನೂ ಚೆಂದ ಬರತೊಡಗಿತು, ಅದು ಲಾಭವೇ.

ದೋಣಿಯಲ್ಲಿ ನಾನೇ ನಿಂತು ಹೇಳುತ್ತೇನೆ. 'ಫೋಟೋಗೆ ಎರಡು ಬೆರಳು ತೋರಿಸಿ, ಕೈ ಬೀಸಿ, ಏನಾದ್ರೂ ಮಾಡಿ. ಹೆಬ್ಬೆರಳು ಮಾತ್ರ ಬೇಡ, ತೋರಿಸಿದ್ರೆ ಮೇಲೆ ತರ್ತೀವಿ.' ಎಲ್ಲರೂ ತಲೆ ಆಡಿಸುತ್ತಾರೆ. ಆದರೂ ಒಂದೊಂದು ಟ್ರಿಪ್ಪಿನಲ್ಲೂ ಒಬ್ಬರಾದರೂ ಖುಷಿಯಲ್ಲಿ ಎತ್ತೇ ಎತ್ತುತ್ತಾರೆ. ನಾನು ಇನ್‌ಸ್ಟ್ರಕ್ಟರಿಗೆ ಸನ್ನೆ ಮಾಡುತ್ತೇನೆ, ಮೇಲೆ ತರುತ್ತೇವೆ. ಮೊನ್ನೆ ತುಮಕೂರಿನ ಹುಡುಗನೊಬ್ಬ ನೀರಿಂದ ತಲೆ ಹೊರಗೆ ಬಂದಿದ್ದೇ ತಡ, ಮೌತ್‌ಪೀಸ್ ಉಗಿದು ಕೂಗಿದ: 'ಅಣ್ಣಾ, ಸೂಪರಾಗಿದೆ ಅಂದೆ ಕಣಣ್ಣಾ! ಇನ್ನೂ ಎರಡೇ ಮೀನು ನೋಡಿದ್ದೆ!'